ಇರುವೆಗಳು ಮಗ್ಗ ನಿಲ್ಲಿಸಿದ ದಿನ

ಕೂಸು ಬಾಯಿ ತೆರೆದು ಅಳುತ್ತಿತ್ತು. ಸದ್ದೇ ಇರಲಿಲ್ಲ.

ಗಡಿಯಾಚೆ, ಮರಾಠಿ ಸೀಮೆಯ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕೆ ಹೋದ ಮೊದಲ ದಿನ ನಾನು ಕಂಡದ್ದು ಇದು. ಶೆಡ್ಡಿನ ಕಿಟಕಿಯ ಜಾಲರಿಯಾಚೆ, ರಸ್ತೆಯ ಆ ಕಡೆ ಇದ್ದ ನಮ್ಮ ಚಾಳಿನ ಕಟ್ಟೆಯ ಮೇಲೆ, ನೆರೆಮನೆಯ ಮುದುಕಿಯೊಬ್ಬಳು ನನ್ನ ಬಸುವನ್ನು ತೊಡೆಯ ಮೇಲೆ ಕುಣಿಸುತ್ತಿದ್ದಳು. ಅವನ ಬಾಯಿ ಬಾವಿಯಷ್ಟು ಅಗಲವಾಗಿತ್ತು, ಮುಖ ಗಜ್ಜರಿಯ ಹಾಗೆ ಕೆಂಪಾಗಿತ್ತು. ನನ್ನ ಕಿವಿಯಲ್ಲಿ ಮಾತ್ರ ಮಗ್ಗಗಳ ಖಟಾಖಟ್, ಖಟಾಖಟ್. ನಾನು ಕಿವುಡಿಯಾದೆನೋ, ಮಗ ಮೂಕನಾದನೋ ತಿಳಿಯದೆ ನಿಂತೆ. ಅಷ್ಟರಲ್ಲಿ ನನ್ನ ಕುಪ್ಪಸ ತೊಯ್ದಿತು. ಕಿವಿಗೆ ಕೇಳದ್ದು ಎದೆಗೆ ಕೇಳಿಸಿತ್ತು.

ಊರಲ್ಲಿರುವ ನಿಮಗೆ ಇದು ತಿಳಿಯುವುದು ಕಷ್ಟ. ಗೋಕಾಕದ ಆಚೆಯ ನಮ್ಮ ಊರಲ್ಲಿ ಮಗ್ಗ ಮನೆಯೊಳಗೇ ಇತ್ತು. ಗಂಡಸರು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು, ನಾವು ಪಡಸಾಲೆಯಲ್ಲಿ ರಾಟೆ ತಿರುಗಿಸುತ್ತ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ಕೂಸು ಅತ್ತರೆ ತೊಡೆಗೆ ಎಳೆದುಕೊಂಡರಾಯಿತು. ಬಲಗೈ ರಾಟೆಯ ಮೇಲೆ, ಎಡಗೈ ಕೂಸಿನ ಕೆಳಗೆ. ನೂಲು ಹರಿಯಬಾರದು, ಹಾಲೂ ತಪ್ಪಬಾರದು. ಇದರಲ್ಲಿ ನನ್ನ ಹಾಗೆ ನಿಪುಣರಾದವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಬೇಕಾದರೆ ಕೇಳಿ ನೋಡಿ, ಹೊಟ್ಟೆಕಿಚ್ಚಿನವರೂ ಒಪ್ಪಿಕೊಳ್ಳುತ್ತಾರೆ.

ಇಲ್ಲಿ ಎಲ್ಲವೂ ಬೇರೆ. ನಮ್ಮ ಕಂಡಿಕೆಗೆ ಇವರು ಕಾಂಡಿ ಎನ್ನುತ್ತಾರೆ, ಅದನ್ನು ಯಂತ್ರ ಸುತ್ತುತ್ತದೆ. ಹೆಂಗಸರು ಸಾಲಾಗಿ ನಿಂತು ತುಂಬಿದ್ದನ್ನು ಕಿತ್ತು ಬುಟ್ಟಿಗೆ ಹಾಕಬೇಕು, ಖಾಲಿಯದನ್ನು ಸಿಕ್ಕಿಸಬೇಕು. ತಲೆಯ ಮೇಲೆ ಚರ್ಮದ ಪಟ್ಟಾಗಳು ಸುತ್ತುತ್ತಿರುತ್ತವೆ, ಗಾಳಿಯಲ್ಲಿ ಹತ್ತಿಯ ಧೂಳು. ಕೂಸನ್ನು ಒಳಗೆ ತರುವ ಹಾಗಿಲ್ಲ, ಪಾಳಿ ಮುಗಿದ ಭೋಂಗಾ ಕೂಗುವವರೆಗೆ ತಾಯಿ ಹೊರಗೆ ಹೋಗುವ ಹಾಗಿಲ್ಲ. ಅಲ್ಲಿ ಹಾಲಿಗೂ ನೂಲಿಗೂ ನಡುವೆ ಒಂದು ಮೊಳ ಅಂತರ. ಇಲ್ಲಿ ಒಂದು ರಸ್ತೆ, ಒಂದು ಗೇಟು, ಗೇಟಿನ ಪಕ್ಕ ಮೇಜು ಹಾಕಿಕೊಂಡು ಕುಳಿತ ಮಾಲಕರು.

ಮಾಲಕರನ್ನು ಎಲ್ಲರೂ ಅಣ್ಣಾಸಾಹೇಬ ಎಂದು ಕರೆಯುತ್ತಿದ್ದರು. ದತ್ತವಾಡದ ಜೈನರು, ಕಬ್ಬಿನ ಹೊಲದವರು, ಆಮೇಲೆ ಇಲ್ಲಿ ಮಗ್ಗ ಹಾಕಿದವರು. ಕೆಟ್ಟ ಮನುಷ್ಯರಲ್ಲ. ದೀಪಾವಳಿಗೆ ಸೀರೆ ಕೊಡುತ್ತಿದ್ದರು, ಕಾಯಿಲೆ ಬಿದ್ದರೆ ಮನೆಗೆ ಬಂದು ಕೇಳುತ್ತಿದ್ದರು. ಆದರೆ ಮಗ್ಗ ಒಂದು ಗಳಿಗೆ ನಿಂತರೂ ತಮ್ಮ ಉಸಿರೇ ನಿಂತ ಹಾಗೆ ಮಾಡುತ್ತಿದ್ದರು.

ಮೊದಲ ದಿನವೇ ನಾನು ಉಪಾಯ ಹೂಡಿದೆ. ಹೊಟ್ಟೆ ಹಿಡಿದುಕೊಂಡು ಗೇಟಿಗೆ ಹೋದೆ.

"ಮಾಲಕ, ಪರಸಾಕಡಿಗಿ ಹೋಗಬೇಕ್ರಿ."

"ಮತ್ತ? ಈಗರ ಹೋಗಿ ಬಂದೆಲ್ಲವಾ?"

"ಏನ್ ಮಾಡೂದ್ರಿ, ನಿಮ್ಮೂರ ನೀರು ಒಗ್ಗವಲ್ದು."

ಶೆಡ್ಡಿನ ಹಿಂದಿನ ಜಾಲಿಯ ಕಂಟಿಗಳ ಕಡೆ ಹೋದ ಹಾಗೆ ಮಾಡಿ, ಸುತ್ತು ಹಾಕಿ ಚಾಳು ಸೇರಿ, ಬಸುವಿಗೆ ಕುಡಿಸಿ ಬರುತ್ತಿದ್ದೆ. ಆ ವರ್ಷವೆಲ್ಲ ಇಚಲಕರಂಜಿಯಲ್ಲಿ ನನ್ನಷ್ಟು ಹೊಟ್ಟೆ ಕೆಟ್ಟ ಹೆಂಗಸು ಇನ್ನೊಬ್ಬಳಿಲ್ಲ ಎಂದು ಹೆಸರಾಯಿತು. ಮಾಲಕರು ಎಷ್ಟು ಮರುಗಿದರೆಂದರೆ, ಮರುವರ್ಷ ಶೆಡ್ಡಿನ ಕಂಪೌಂಡಿನೊಳಗೇ ಸಂಡಾಸು ಕಟ್ಟಿಸಿಬಿಟ್ಟರು. ಸುತ್ತಲಿನ ಯಾವ ಶೆಡ್ಡಿನಲ್ಲೂ ಹೆಂಗಸರಿಗೆ ಅಂಥ ಸೌಕರ್ಯ ಇರಲಿಲ್ಲ. ಅದು ನನ್ನ ಹೊಟ್ಟೆಯ ಪುಣ್ಯ. ಆದರೆ ಗೇಟು ದಾಟಲು ಇದ್ದ ಒಂದೇ ನೆಪವೂ ಅಲ್ಲಿಗೆ ಮುಗಿಯಿತು. ಬಸು ಆಗ ರೊಟ್ಟಿ ತಿನ್ನುವಷ್ಟಾಗಿದ್ದ, ಬದುಕಿಕೊಂಡ. ನನ್ನ ನಂತರ ಬಂದವರ ಗತಿ?

ನಂತರ ಬಂದವಳು ಶೇವಂತಾ.

ಅವಳು ಚಾಳಿನಲ್ಲಿ ನನ್ನ ಪಕ್ಕದ ಖೋಲಿಯವಳು. ತವರು ಕೋವಾಡ, ಬೌದ್ಧರಾದ ದಲಿತರ ಮನೆ. ಬಾಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಗಂಡ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ, ಇವಳು ನನ್ನ ಪಕ್ಕದ ಕಾಂಡಿ ಯಂತ್ರದಲ್ಲಿ. ಚಾಳಿನ ಖೋಲಿಗಳೂ ಮಾಲಕರವೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದವರಿಗೆ ಮಾತ್ರ ಖೋಲಿ, ಅದು ಅಲ್ಲಿಯ ರಿವಾಜು.

ಹೆರಿಗೆಗೆಂದು ತವರಿಗೆ ಹೋದವಳು ಬೇಗನೆ ಮರಳಿದಳು. ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಿ, ಒಂದು ಕೈಯಲ್ಲಿ ಹೆಣ್ಣು ಕೂಸು, ಇನ್ನೊಂದು ಕೈಯಲ್ಲಿ ಗಂಟು ಹಿಡಿದು ಬಂದಿಳಿದಳು. ಗಂಟಿನಲ್ಲಿ ಅವಳ ತಾಯಿ ಗಡಹಿಂಗ್ಲಜದ ಪೇಟೆಯಲ್ಲಿ ಕೊಂಡುಕೊಟ್ಟ ಬೆಲ್ಲ ಮತ್ತು ಅಳವಿ ಬೀಜ. ಅಳವಿ ಉಂಡೆ ತಿಂದರೆ ಬಾಣಂತಿಗೆ ಹಾಲು ಇಳಿಯುತ್ತದೆ ಎನ್ನುವುದು ಅಲ್ಲೂ ಇಲ್ಲೂ ಒಂದೇ. ನಮ್ಮೂರಲ್ಲಾದರೆ ಬಾಣಂತಿಗೆ ಎರೆಯುವವರು, ಹೊಗೆ ಹಾಕುವವರು, ಬೈಯುವವರು ಎಂದು ಮನೆ ತುಂಬ ಜನ. ಇಲ್ಲಿ ಉಂಡೆ ಕಟ್ಟಿದವಳೂ ನಾನೇ, ಎರೆದವಳೂ ನಾನೇ, ಬೈದವಳೂ ನಾನೇ. ಮೂರನ್ನೂ ಚೆನ್ನಾಗಿಯೇ ಮಾಡಿದೆ.

ಹಾಲು ಇಳಿಯಿತು. ಕುಡಿಯಬೇಕಾದವಳು ರಸ್ತೆಯಾಚೆ ಇದ್ದಳು.

ಸುಮನ ಎಂದು ಹೆಸರಿಟ್ಟಿದ್ದ ಆ ಕೂಸಿಗೆ ಕಟ್ಟೆಯ ಮುದುಕಿ ಹಗಲೆಲ್ಲ ಬಾಟಲಿ ಹಿಡಿಯುತ್ತಿದ್ದಳು. ಆಗ ಡಬ್ಬಿ ಹಾಲಿನ ಕಾಲ. ಡಬ್ಬಿಯ ಮೇಲೆ ಬೆಣ್ಣೆಮುದ್ದೆಯಂಥ ಕೂಸಿನ ಚಿತ್ರ. ಖೋಲಿಯ ಮಾಡದಲ್ಲಿ ಆ ಡಬ್ಬಿ ಎದ್ದು ಕಂಡರೆ ಶಾಣ್ಯಾರ ಮನೆ ಎಂದು ಅರ್ಥ. ಮರಾಠಿಯಲ್ಲಿ ಅದಕ್ಕೆ 'ವರಚ ದೂಧ' ಎನ್ನುತ್ತಾರೆ, ಮೇಲಿನ ಹಾಲು. ಎದೆಹಾಲು ಕುಡಿಸುವುದಕ್ಕೆ 'ಅಂಗಾವರ ಪಾಜಣೆ', ಮೈಮೇಲೆ ಕುಡಿಸುವುದು. ಎದೆಯಲ್ಲಿ ತೊರೆ ಬಿಡುವುದಕ್ಕೂ ಅವರಲ್ಲಿ ಒಂದು ಚಂದದ ಮಾತಿದೆ, 'ಪಾನ್ಹಾ'. ಮರಾಠಿಯಲ್ಲಿ ನಾನು ಮೊದಲು ಕಲಿತ ಮಾತುಗಳು ಇವು. ಬಾಕಿಯವರು ಭಾಜಿ, ಭಾಡೆ, ಬಸ್ಸು ಎಂದು ಕಲಿಯುತ್ತಿದ್ದರು.

ಡಬ್ಬಿ ಹೆಚ್ಚು ದಿನ ಬರಲಿ ಎಂದು ಶೇವಂತಾ ಪುಡಿ ಕಡಿಮೆ ಮಾಡಿ ನೀರು ಹೆಚ್ಚು ಹಾಕುತ್ತಿದ್ದಳು. ನೀರು ಚಾಳಿನ ಪಿಂಪಿನದು, ತೆರೆದ ಪೀಪಾಯಿಯ ಹಸಿ ನೀರು. ಸುಮನ ಭೇದಿ ಹಿಡಿದು ಹತ್ತಿಯ ಹಿಂಜಿನಂತಾದಳು. ವಾರದ ರಜೆಯ ದಿನ ನಾನೇ ಇಬ್ಬರನ್ನೂ ಬಸ್ಸಿಗೆ ಹತ್ತಿಸಿ ಕೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಹೆಣ್ಣು ಡಾಕ್ಟರು ಕೂಸಿನ ಹೊಟ್ಟೆಯ ಚರ್ಮ ಚಿವುಟಿ ನೋಡಿ, ಔಷಧಿ ಕೊಟ್ಟು, "ಅಂಗಾವರ ಪಾಜ್ತೇಸ ಕಾ?" ಎಂದು ಕೇಳಿದರು.

ಮುಂಜಾನೆ, ಸಂಜೆ ಅಷ್ಟೇ, ಹಗಲಿಗೆ ಪರವಾನಗಿ ಇಲ್ಲ ಎಂದಳು ಶೇವಂತಾ.

"ದೂಧ ತುಝಂ, ಬಾಳ ತುಝಂ. ಮಗ ಪರವಾನಗೀ ಕೋಣಾಚೀ?" ಎಂದರು ಡಾಕ್ಟರು. ಹಾಲು ನಿನ್ನದು, ಕೂಸು ನಿನ್ನದು, ಹಾಗಾದರೆ ಪರವಾನಗಿ ಯಾರದು?

"ಮಾಲಕರದು," ಎಂದೆ ನಾನು, ಕೇಳದಿದ್ದರೂ.

ಅವರು ನಗಲಿಲ್ಲ. ಹಾಲು ಕುಡಿಸಲು ಕೆಲಸದ ನಡುವೆ ಬಿಡುವು ಕೊಡಬೇಕೆಂದು ಸರ್ಕಾರದ ಕಾಯ್ದೆಯೇ ಇದೆ ಎಂದರು. ಹಗಲು ರಾತ್ರಿ ಎನ್ನದೆ ಕುಡಿಸುತ್ತಿದ್ದರೆ ತಾಯಿಯ ಮೈಗೂ ಒಂದಿಷ್ಟು ಬಿಡುವು, ಮುಂದಿನ ಬಸಿರು ಅಷ್ಟು ಬೇಗ ನಿಲ್ಲುವುದಿಲ್ಲ. ಆದರೆ ಅದನ್ನೊಂದನ್ನೇ ನೆಚ್ಚಿಕೊಂಡು ಕೂರಬೇಡ, ಬೇರೆ ದಾರಿ ಬೇಕಾದರೆ ಬಂದು ಕೇಳು ಎಂದರು. ಶೇವಂತಾ ತಲೆ ತಗ್ಗಿಸಿದಳು. ಅವಳ ದೊಡ್ಡ ಹೆದರಿಕೆ ಅದೇ ಆಗಿತ್ತೆಂದು ಬಸ್ಸಿನಲ್ಲಿ ಹೇಳಿದಳು. ಇನ್ನೂ ಒಂದು ಕೂಸು ನೆಟ್ಟಗಾಗಿಲ್ಲ, ಇನ್ನೊಂದು ಬಂದರೆ ಎಲ್ಲಿಗೆ ಹೋಗಲಿ ಅಕ್ಕಾ ಎಂದಳು.

"ಕಾಯ್ದೆ ಐತಂತಲ್ಲ, ಮಾಲಕರಿಗಿ ಹೇಳೋಣು," ಎಂದೆ.

"ಅದು ದೊಡ್ಡ ಗಿರಣಿಯವರಿಗಿ ಅಕ್ಕಾ. ನಮ್ಮಂಥಾ ಪತ್ರಾಸ ತಗಡಿನ ಶೆಡ್ಡಿಗಿ ಯಾವ ಕಾಯ್ದೆ ಬರ್ತೈತಿ?"

ಅದೂ ನಿಜವೇ. ಆದರೂ ನಾನು ಹೇಳಿದೆ. ಅಣ್ಣಾಸಾಹೇಬರು ತಲೆಯ ಮೇಲಿನ ಪಟ್ಟಾ ತೋರಿಸಿದರು. "ಕೂಸು ಒಳಗ ತಂದು ಏನರ ಆತು ಅಂದ್ರ? ಇನ್ನ ಹೊರಗ ಬಿಟ್ರ ಎಲ್ಲಾರೂ ಹೋಗ್ತಾರ. ಕಾಂಡಿ ಇಲ್ಲಂದ್ರ ಮಗ್ಗ ನಿಂದರತಾವ." ಮಾತು ಮುಗಿಯಿತು.

ಶೇವಂತಾಳ ಹಾಲು ಮಾತ್ರ ಮಾಲಕರ ಮಾತು ಕೇಳಲಿಲ್ಲ. ಕಿಟಕಿಯಾಚೆ ಕೂಸಿನ ಬಾಯಿ ತೆರೆದದ್ದು ಕಂಡರೆ ಸಾಕು, ಎದೆ ತೊರೆ ಬಿಡುತ್ತಿತ್ತು. ಸೆರಗು ತೊಯ್ದು, ಎದೆಗವಚಿಕೊಂಡು ಒಯ್ಯುತ್ತಿದ್ದ ಬುಟ್ಟಿಯ ಕಾಂಡಿಗಳ ಮೇಲೆ ಹನಿ ಬೀಳುತ್ತಿತ್ತು. ಹಾಲು ಬಿದ್ದ ನೂಲು ಒಣಗಿ ಬಿರುಸಾಗುತ್ತಿತ್ತು, ಲಾಳಿಯಲ್ಲಿ ಹರಿಯುತ್ತಿತ್ತು. ಅದಕ್ಕೆ ಒಂದೆರಡು ಇರುವೆಗಳೂ ಹತ್ತತೊಡಗಿದವು. ಒಂದು ಸಂಜೆ ಮಾಲಕರು ಅವಳ ಬುಟ್ಟಿ ಎತ್ತಿ ಹಿಡಿದರು.

"ಏನ ತಿಂತೀಬೇ ಮಶಿನ್ ಮುಂದ ನಿಂತು? ಸೂತ ಕೆಡಸಾಕತ್ತೀದಿ. ನಾಡದ್ದಿನಿಂದ ಹಿಂಗ ಆತಂದ್ರ ಬರಬ್ಯಾಡ."

ಅವಳು ಸೆರಗು ಬಿಗಿದುಕೊಂಡು ಬುಟ್ಟಿ ವಾಪಸು ತೆಗೆದುಕೊಂಡಳು. ಗಂಡಸಿನ ಮುಂದೆ ಏನೆಂದು ಹೇಳಿಯಾಳು? ಕೆಲಸ ಹೋದರೆ ಖೋಲಿಯೂ ಹೋಗುತ್ತದೆ. ಮನೆಗೆ ಬರುವ ದಾರಿಯಲ್ಲಿ ಮೊಳಗಟ್ಟಲೆ ಮಲ್ಲಿಗೆ ಕೊಂಡಳು. ನನಗೆ ಕೂಡಲೇ ತಿಳಿಯಿತು. ಮಲ್ಲಿಗೆಯನ್ನು ಎದೆಗೆ ಕಟ್ಟಿ ಮೇಲೆ ಬಟ್ಟೆ ಬಿಗಿದರೆ ಹಾಲು ಬತ್ತುತ್ತದೆ. ಕೂಸು ತೀರಿಕೊಂಡ ತಾಯಂದಿರಿಗೆ ಹಿರಿಯರು ಮಾಡುತ್ತಿದ್ದ ಉಪಾಯ ಅದು. ಇವಳ ಕೂಸು ಬದುಕಿತ್ತು.

ಅವಳು ಕೂಸಿಗೆ ಕೊನೆಯ ಸಲ ಎಂದು ಕುಡಿಸುತ್ತ ಕುಳಿತಾಗ ನಾನು ಹೂವಿನ ಪುಡಿಕೆ ಎತ್ತಿಕೊಂಡು ಬಂದೆ. ಅಷ್ಟನ್ನೂ ತುರುಬಿಗೆ ಸುತ್ತಿಕೊಂಡೆ. ತಲೆ ಹೂವಿನ ಗಾಡಿಯಂತಾಯಿತು. ನಮ್ಮ ಮನೆಯವರು ಕಣ್ಣರಳಿಸಿದರು.

"ಏನಬೇ, ಹೊಸಾ ಗಂಡನ್ನ ನೋಡೀದೇನ?"

"ಹಳೇದ ಇನ್ನೂ ಸವದಿಲ್ಲಲ್ರಿ. ಸವದಮ್ಯಾಲ ನೋಡ್ತೇನಿ."

ಶೇವಂತಾ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ನನ್ನ ಹೂವು?"

"ಇಲ್ಲೇ ಅದಾವ. ನೋಡ, ಹೆಂಗ ಕಾಣಾಕತ್ತೇನಿ?"

"ಚ್ಯಾಷ್ಟಿ ಬ್ಯಾಡಕ್ಕಾ. ಎದಿ ಬತ್ತಲಿಲ್ಲಂದ್ರ ಕೆಲಸ ಹೋಗತೈತಿ."

"ಬತ್ತಿದ್ರ ಕೂಸು ಹೋಗತೈತಿ."

ಅವಳು ಅಳಲು ಶುರು ಮಾಡಿದಳು. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ. "ನಾಳೆ ಒಂದ ದಿನ ತಡಿ," ಎಂದೆ. "ಏನೂ ಆಗಲಿಲ್ಲಂದ್ರ ನಾಳೆ ಸಂಜಿಗಿ ನಾನ ಹೂವ ತಂದು ನನ್ನ ಕೈಯಾರೆ ಕಟ್ಟತೇನಿ. ಈಗ ಆ ಗಡಹಿಂಗ್ಲಜದ ಬೆಲ್ಲ ಉಳದೈತೇನು, ಒಂದ ಹೆಂಟಿ ಕೊಡು."

"ಬೆಲ್ಲ ಯಾತಕ್ಕ?"

"ನನಗ ಬಾಯಿ ಸಿಹಿ ಮಾಡ್ಕೋಬೇಕಾಗೇತಿ. ಕೊಡಬೇ."

ಈಗ ಮಾಲಕರ ತಾಯಿಯ ಬಗ್ಗೆ ಹೇಳಬೇಕು. ಅಕ್ಕಾತಾಯಿ ಎಂದು ಅವರ ಹೆಸರು. ಮಗ, ಸೊಸೆ, ಮೊಮ್ಮಕ್ಕಳೆಲ್ಲ ಮರಾಠಿಗೆ ತಿರುಗಿದ್ದರೂ ಆ ಮುದುಕಿಗೆ ದತ್ತವಾಡದ ಕನ್ನಡವೇ ರುಚಿ. ಮುಂಜಾನೆ ಬಸದಿಗೆ ಹೋಗಿ ಬರುವಾಗ ಶೆಡ್ಡಿನ ಹಿಂದಿನ ಗೋಡೆಯ ಬುಡಕ್ಕೆ, ಇರುವೆ ಗೂಡುಗಳ ಬಾಯಿಗೆ, ಸಕ್ಕರೆ ಬೆರೆಸಿದ ಹಿಟ್ಟು ಉದುರಿಸುತ್ತಿದ್ದರು. ಒಂದು ಇರುವೆ ಸತ್ತರೂ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ತಿಂದು ಆ ಗೋಡೆಯ ಇರುವೆಗಳು ಕೊಬ್ಬಿದ್ದವು.

ಮರುದಿನ ಎಲ್ಲರಿಗಿಂತ ಮೊದಲು ಶೆಡ್ಡು ಸೇರಿ, ಬೆಲ್ಲದ ನೀರನ್ನು ಕಾಂಡಿಯ ಬುಟ್ಟಿಗಳ ತಳಕ್ಕೆ ಸವರಿದೆ. ತಳಕ್ಕೆ ಮಾತ್ರ. ನೂಲಿಗೆ ಒಂದು ಹನಿ ತಾಗಿಸಲಿಲ್ಲ. ನೇಕಾರರ ಮಗಳು ನಾನು, ಅಷ್ಟು ಮರ್ಯಾದೆ ಇದೆ. ಗೋಡೆಯ ಬಿರುಕಿನಿಂದ ಬುಟ್ಟಿಗಳವರೆಗೆ ಒಂದು ಸಣ್ಣ ಗೆರೆಯನ್ನೂ ಎಳೆದೆ, ಬಡಪಾಯಿಗಳಿಗೆ ದಾರಿ ತಪ್ಪಬಾರದಲ್ಲ.

ಬಿಸಿಲು ಏರುವ ಹೊತ್ತಿಗೆ ದಿಬ್ಬಣ ಬಂತು. ಕಪ್ಪು ದಾರದಂತೆ ಗೋಡೆ ಇಳಿದು, ಬುಟ್ಟಿ ಹತ್ತಿ, ಕಾಂಡಿಗಳ ತುಂಬ ಹರಡಿದವು. ಹೆಂಗಸರು ಕೈ ಕೊಡವಿಕೊಂಡು ಹಿಂದೆ ಸರಿದರು. ಅಣ್ಣಾಸಾಹೇಬರು ಓಡಿ ಬಂದು ಕಸಬರಿಗೆ ತರಲು ಸನ್ನೆ ಮಾಡಿದರು. ನಾನು ಆಗಲೇ ಹಿಂಬಾಗಿಲಿಗೆ ಹೋಗಿ, ಬಸದಿಯಿಂದ ಮರಳುತ್ತಿದ್ದ ಅಕ್ಕಾತಾಯಿಯನ್ನು ಕೈಹಿಡಿದು ಒಳಗೆ ಕರೆತಂದಿದ್ದೆ. ಮುದುಕಿ ನೆಲ ನೋಡಿದರು, ಮಗನ ಪಾದ ನೋಡಿದರು. ಮಗ್ಗಗಳ ಸದ್ದನ್ನೂ ಮೀರಿ ಕೂಗಿದರು.

"ಅಣ್ಣಾ! ಕಾಲ ಎತ್ತು!"

ಮಾಲಕರು ಒಂಟಿಕಾಲಿನ ಮೇಲೆ ನಿಂತರು, ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯದೆ.

"ಇವು ಲಾಳ್ಯಾಗ ಹೋದ್ರ ಅರದ ಹೋಗ್ತಾವ. ಬಂದ ಮಾಡಸು ಮೋಟರ!"

"ಆಯಿ, ಮಾಲ ಇವತ್ತ ಹೋಗಬೇಕು..."

"ಬಂದ ಮಾಡಸು ಅಂದ್ನೆಲ್ಲ!"

ಮೋಟರು ನಿಂತಿತು. ಪಟ್ಟಾಗಳು ಉಸ್ಸೆಂದು ನಿಧಾನವಾದವು. ಒಂದೊಂದೇ ಮಗ್ಗ ಸುಮ್ಮನಾಯಿತು. ಹಗಲು ಹೊತ್ತಿನಲ್ಲಿ ಆ ಶೆಡ್ಡು ಹಾಗೆ ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ. ಎಲ್ಲ ಬುಟ್ಟಿಗೂ ಇರುವೆ ಹತ್ತಿಸಿ ಶೇವಂತಾಳೊಬ್ಬಳ ಮೇಲಿನ ದೂರು ಅಳಿಸುವುದು, ಮಾಲಕರನ್ನು ಒಂಟಿಕಾಲಲ್ಲಿ ನಿಲ್ಲಿಸುವುದು, ಅಷ್ಟೇ ನನ್ನ ಲೆಕ್ಕದಲ್ಲಿದ್ದದ್ದು. ಮುಂದೆ ಆದದ್ದು ನನ್ನ ಲೆಕ್ಕದಲ್ಲಿರಲಿಲ್ಲ.

ರಸ್ತೆಯಾಚೆಯಿಂದ ಕೂಸಿನ ಅಳು ಕೇಳಿಸಿತು.

ಸಣ್ಣ ಅಳು. ಅತ್ತು ಅತ್ತು ದನಿ ಹರಿದು, ನಡುನಡುವೆ ಬಿಕ್ಕುವ ಅಳು. ಎಲ್ಲರೂ ಕೇಳಿದರು, ಮಗ್ಗದವರು, ಕಾಂಡಿಯವರು, ಒಂಟಿಕಾಲಿನ ಮಾಲಕರು. ಶೇವಂತಾಳ ಗಂಡ ಮಗ್ಗದ ಹಿಡಿಕೆ ಬಿಟ್ಟು ಮುಖ ತಿರುಗಿಸಿಕೊಂಡ. ಅಷ್ಟು ದಿನ ಅವನು ಅದೇ ಕಿಟಕಿಯ ಪಕ್ಕ ನಿಂತಿದ್ದ, ಮಗಳ ಹಗಲಿನ ಅಳು ಕೇಳಿದ್ದು ಅವತ್ತೇ. ಶೇವಂತಾ ಎರಡೂ ಕೈ ಎದೆಗೆ ಒತ್ತಿ ನಿಂತಿದ್ದಳು. ಬೆರಳ ಸಂದಿಯಿಂದ ಹಾಲು ಇಳಿದು ಕೈಬಳೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಯಾರ ಕೂಸದು?" ಎಂದರು ಅಕ್ಕಾತಾಯಿ.

"ನಂದ್ರಿ, ಆಯಿ."

"ಹಾಲ ಅದಾವೆಲ್ಲ. ಮತ್ತ ಯಾಕ ಅಳಸಾಕತ್ತೀದಿ?"

ಶೇವಂತಾ ಬಾಯಿಬಿಡಲಿಲ್ಲ. ನನ್ನ ಬಾಯಿಗೆ ಅಂಥ ರೋಗವಿಲ್ಲ. "ಕೂಸಿಗಿ ಕುಡಸಾಕ ಪರವಾನಗಿ ಇಲ್ರಿ ಆಯಿ," ಎಂದೆ. "ಅದಕ್ಕ ಮಾಲಕರ ಕಾಂಡಿಗಿ ಕುಡಸಾಕತ್ತಾಳ್ರಿ."

ಮುದುಕಿ ಶೇವಂತಾಳ ಬುಟ್ಟಿಯಿಂದ ಹಿಂದಿನ ದಿನದ ಒಂದು ಕಾಂಡಿ ಎತ್ತಿದರು. ಬಿರುಸಾದ ಕಲೆಯ ಮೇಲೆ ಬೆರಳಾಡಿಸಿದರು. ಮಕ್ಕಳನ್ನು ಸಾಕಿದ ಕೈ, ಹೇಳಿಕೊಡಬೇಕಾಗಿರಲಿಲ್ಲ.

"ಅಣ್ಣಾ, ನಿನ್ನ ನಾ ದತ್ತವಾಡದಾಗ ಕಬ್ಬಿನ ಬದುವಿನ ಮ್ಯಾಲ ಕುಂತು ಕುಡಿಸೇನಿ. ಬಿತ್ತೂದ ಇರ್ಲಿ, ಕಡಿಯೂದ ಇರ್ಲಿ, ಯಾರ್ನೂ ಕೇಳಿಲ್ಲ. ಇರಿವಿಗಿ ಹಿಟ್ಟ ಹಾಕೂ ಮನಿ ನಮ್ದು. ಕೂಸಿನ ಬಾಯಾಗಿಂದ ಕಸದು ಹಾಕೂ ಮನಿ ಅಲ್ಲ."

"ಆಯಿ, ಪಟ್ಟಾ ತಿರಗ್ತಾವ, ಕೂಸನ್ನ ಒಳಗ..."

"ಒಳಗ ಯಾರ ತಾ ಅಂದ್ರು? ಹಿಂದ ನೂಲಿಡೂ ಸೂತದ ಖೋಲಿ ಐತಿ. ಪಟ್ಟಾ ಇಲ್ಲ, ಧೂಳ ಇಲ್ಲ. ಅಲ್ಲೊಂದು ಝೋಳಿ ಕಟ್ಟಸು. ಹಸದಾಗ ತಾಯಿ ಹೋಗ್ಲಿ, ಕುಡಿಸಿ ಬರ್ಲಿ. ಹೋಗವಾ ನೀ, ಮದಲ ತಗೊಂಡ ಬಾ ಆ ಕೂಸಿನ್ನ."

ಶೇವಂತಾ ಒಂದು ಗಳಿಗೆ ಅನುಮಾನಿಸಿದಳು. ಅವಳ ಜನ ಯಾರ ಸೂತದ ಖೋಲಿಯಲ್ಲಿ ಕೂಸು ಮಲಗಿಸಿದ್ದರು? ಮುದುಕಿಗೆ ಅದೂ ತಿಳಿಯಿತೋ ಏನೋ, ತಾವೇ ಬಟ್ಟೆಯ ಹೊಸ ಥಾನಿನಿಂದ ಝೋಳಿಗೆ ಒಂದು ತುಂಡು ಹರಿಸಿ ಅವಳ ಕೈಗಿಟ್ಟರು. ಅವಳು ಗೇಟು ದಾಟಿ ಓಡಿದಳು. ಮಾಲಕರು ಇನ್ನೂ ಒಂಟಿಕಾಲಲ್ಲೇ ಇದ್ದರು.

ಇರುವೆಗಳು ತಾವಾಗಿ ಹಿಂದಿರುಗುವ ಹೊತ್ತಿಗೆ ಮಧ್ಯಾಹ್ನ ಕಳೆಯಿತು. ಹೊರಡುವಾಗ ಅಕ್ಕಾತಾಯಿ ಒಂದು ಬುಟ್ಟಿಯ ತಳ ಮುಟ್ಟಿ, ಬೆರಳು ಮೂಸಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಇರಿವಿಗಿ ಉಣ್ಣಾಕ ಇಡಾಕಿ ನಾ. ಅವು ಯಾತಕ್ಕ ಬರ್ತಾವಂತ ನನಗ ಗೊತ್ತಿಲ್ಲೇನು? ನಾಳೆ ಬುಟ್ಟಿ ತೊಳದ ಇಡು. ಬೆಲ್ಲ ಚಲೋ ಐತಿ, ಎಲ್ಲಿದು?"

"ಗಡಹಿಂಗ್ಲಜದ್ರಿ," ಎಂದೆ. ಜೀವನದಲ್ಲಿ ನನ್ನನ್ನು ಹಿಡಿದವರು ಅವರೊಬ್ಬರೇ.

ಅಂದಿನಿಂದ ಸೂತದ ಖೋಲಿಗೆ ನಮ್ಮ ಹೆಂಗಸರು 'ಪಾನ್ಹ್ಯಾಚೀ ಖೋಲಿ' ಎಂದರು, ತೊರೆಯ ಕೋಣೆ. ಎಲ್ಲವೂ ಸುಖವಾಯಿತೆಂದು ಹೇಳಲಾರೆ. ಕುಡಿಸಲು ಹೋದ ಹೊತ್ತಿನ ಕಾಂಡಿಗೆ ಕೂಲಿ ಇರಲಿಲ್ಲ. ಒಬ್ಬಳು ಹೋದಾಗ ಇನ್ನೊಬ್ಬಳು ಅವಳ ಯಂತ್ರವನ್ನೂ ನೋಡಿಕೊಳ್ಳಬೇಕಿತ್ತು. ಒಬ್ಬ ಬಾಣಂತಿಗೆ ಏನು ಮಾಡಿದರೂ ಹಾಲು ಸಾಲಲಿಲ್ಲ, ಅವಳ ಕೂಸು ಡಬ್ಬಿಯಲ್ಲೇ ಬೆಳೆಯಿತು. ನೀರು ಕಾಯಿಸಿ ಕೊಡುವ ಕೆಲಸ ನಾವು ಹಂಚಿಕೊಂಡೆವು, ಅವಳನ್ನು ಯಾರೂ ಆಡಿಕೊಳ್ಳಲಿಲ್ಲ. ಸುಮನ ಮಾತ್ರ ಮಳೆಗಾಲ ಬರುವ ಮೊದಲೇ ಡಬ್ಬಿಯ ಮೇಲಿನ ಕೂಸನ್ನು ನಾಚಿಸುವಂತಾದಳು. ಶೇವಂತಾ ಜ್ವರದಿಂದ ಮಲಗಿದ್ದಾಗ ಸುಮನಳಿಗೆ ನಾನೇ ಎದೆ ಕೊಟ್ಟೆ. ಬಸು ಆಗಲೂ ಕದ್ದು ಕುಡಿಯುತ್ತಿದ್ದುದರಿಂದ ನನ್ನದು ಬತ್ತಿರಲಿಲ್ಲ. ಸುದ್ದಿ ಊರಿಗೆ ಮುಟ್ಟಿದಾಗ ನೀವು ಕೆಲವರು ಮುಖ ಸಿಂಡರಿಸಿದಿರಿ, ಯಾರ ಕೂಸಿಗೆ ಯಾರ ಹಾಲು ಎಂದು ಕೇಳಿದಿರಿ. ನನಗೆ ನೆನಪಿದೆ.

ಆ ಸುಮನ ಈಗ ಶಾಲೆಗೆ ಹೋಗುತ್ತಾಳೆ. ಗೆಳತಿಯರಿಗೆ ನನ್ನನ್ನು ತೋರಿಸಿ "ಹೀ ಮಾಝೀ ಕಾನಡೀ ಆಯಿ" ಎನ್ನುತ್ತಾಳೆ, ಇವಳು ನನ್ನ ಕನ್ನಡದ ತಾಯಿ. ಇಷ್ಟು ವರ್ಷ ಇದ್ದರೂ ಇಲ್ಲಿ ನಾನು ಕಾನಡಿಯೇ.

ಮೊನ್ನೆ ಅಣ್ಣನ ಮೊಮ್ಮಗುವಿನ ತಡವಾದ ತೊಟ್ಟಿಲ ಕಾರ್ಯಕ್ಕೆ ಊರಿಗೆ ಬಂದೆನಲ್ಲ. ಬಸ್ಸಿಳಿದಾಗ ಹುಡುಗರು "ಇಚಲಕರಂಜಿ ಅತ್ತಿ ಬಂದ್ಲು" ಎಂದು ಕೂಗಿದರು. ಅಣ್ಣನ ಮನೆಯ ಪಡಸಾಲೆಯಲ್ಲಿ ರಾಟೆ ಇರಲಿಲ್ಲ. ನಮ್ಮೂರಿಗೂ ವಿದ್ಯುತ್ ಮಗ್ಗದ ಶೆಡ್ಡು ಬಂದಿದೆ, ಅಣ್ಣನ ಸೊಸೆ ಕಸ್ತೂರಿ ಅಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮಾಡದಲ್ಲಿ ಡಬ್ಬಿ, ಅದೇ ಬೆಣ್ಣೆಮುದ್ದೆ ಕೂಸು. ತೊಟ್ಟಿಲಲ್ಲಿ ಕೂಸು ಅತ್ತಿತು. ಮನೆಯವರೆಲ್ಲ ಸದ್ದು ಕೇಳಿ ತಿರುಗಿದರು. ನಾನು ಮಾತ್ರ ಮೊದಲು ಅದರ ಬಾಯಿ ನೋಡಿದೆ. ಶೆಡ್ಡು ಕಲಿಸಿದ ಚಟ.

"ಹಗಲೊತ್ತು ಕುಡಸಾಕ ಬಿಡ್ತಾರೇನ ಕಸ್ತೂರಿ?"

"ಎಲ್ಲಿ ಬಿಡ್ತಾರ ಅತ್ತಿ. ಗೇಟ್ ಹಾಕ್ತಾರ."

ನಾನು ಎದ್ದು ಅಡುಗೆಮನೆಯ ಕಡೆ ಹೊರಟೆ. ಹೋಗುತ್ತ ಅಣ್ಣನನ್ನು ಕೇಳಿದೆ, "ಯಣ್ಣಾ, ನಿಮ್ಮೂರಾಗ ಬೆಲ್ಲ ಚಲೋ ಸಿಗತೈತೇನ?"

ಅಣ್ಣ ತಲೆಯೆತ್ತಿದ. "ನಿಮ್ಮೂರಾಗ? ಹಂಗಾರ ನಿಂದ ಯಾವೂರಬೇ?"

ಎಲ್ಲರೂ ನಕ್ಕರು. ಕೂಸು ಮತ್ತೆ ಬಾಯಿ ತೆರೆಯಿತು. ಅದನ್ನು ಎತ್ತಿ ಕಸ್ತೂರಿಯ ಮಡಿಲಿಗೆ ಹಾಕಿ, ಅಣ್ಣನನ್ನು ಇನ್ನೊಂದು ಮಾತು ಕೇಳಿದೆ.

"ಅದಿರ್ಲಿ. ಶೆಡ್ಡಿನ ಮಾಲಕನ ತಾಯಿ ಇರಿವಿಗಿ ಹಿಟ್ಟ ಹಾಕ್ತಾಳೇನ?"